ನಡುಕೋಣೆ

ಮನೆ ನೋಡಲು ಬಂದಿದ್ದ ಗಂಡ ಹೆಂಡತಿ ಹೊರಡಬೇಕೆನ್ನುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಕಾರು ತರುತ್ತೇನೆಂದು ಇಳಿದುಹೋದ ಬ್ರೋಕರು ಬೀದಿಯ ನೀರಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದ. ಮೆಟ್ಟಿಲ ಬಳಿ ನಿಂತೇ ಇದ್ದವರನ್ನು ಪಕ್ಕದ ಬಾಗಿಲಿನ ಅಜ್ಜಿ ಒಳಗೆ ಕರೆದು ಕೂರಿಸಿದರು. ಅಜ್ಜಿ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈಗಲೂ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ದೂರದ ದನಿಗೆ ಕಿವಿಗೊಟ್ಟವರ ಹಾಗೆ ಕೂರುತ್ತಿದ್ದರು.

"ಮನೆ ಹಿಡಿಸ್ತಾ?" ಎಂದು ಕೇಳಿದರು.

"ಚಿಕ್ಕದು ಅಜ್ಜಿ, ಆದ್ರೆ ಎಲ್ಲಾ ಹೊಸದಾಗಿ ಮಾಡಿಸಿದ್ದಾರೆ. ಹಾಲ್ ಅಂತೂ ಚೆನ್ನಾಗಿದೆ," ಎಂದಳು ಹೆಂಡತಿ. "ಇನ್ನೂ ಯೋಚನೆ ಮಾಡ್ತಿದ್ದೀವಿ."

"ಹಂಗಾದ್ರೆ ಒಂದು ಕತೆ ಹೇಳ್ತೀನಿ, ಕೇಳಿ. ಆಮೇಲೆ ಯೋಚನೆ ಮಾಡಿ. ಮಳೆ ನಿಲ್ಲೋ ತನಕ ನಮಗಿನ್ನೇನು ಕೆಲಸ?" ಎಂದು ಅಜ್ಜಿ ಶುರು ಮಾಡಿದರು.

"ನಿಮ್ಮ ಹಾಗೇನೇ ಒಂದು ಜೋಡಿ ಬಂದಿತ್ತು ಆ ಮನೆ ನೋಡೋಕೆ. ಅವನು ಬಸ್ ಡ್ರೈವರು. ಅವಳಿಗೆ ಹಲ್ಲಿನ ಡಾಕ್ಟರ ಹತ್ರ ಇಕ್ಕಳ, ಸಣ್ಣ ಕನ್ನಡಿ ಎಲ್ಲ ತೊಳೆದು ಜೋಡಿಸಿಡೋ ಕೆಲಸ. ಮನೇಲಿ ಅವನ ಅಮ್ಮ. ಸಕ್ಕರೆ ಕಾಯಿಲೆಗೆ ಎರಡು ಕಣ್ಣೂ ಹೋಗಿತ್ತು ಆಯಮ್ಮಂಗೆ. ಲಿಫ್ಟ್ ಇಲ್ಲದ ಬಾಡಿಗೆ ಮನೆ, ಕಡಿದಾದ ಮೆಟ್ಟಿಲು... ಮಗ ಸೊಸೆ ಕೆಲಸಕ್ಕೆ ಹೋದ್ರೆ ಸಂಜೆವರೆಗೂ ಒಬ್ಬರೇ ಗೋಡೆಗೆ ಮುಖ ಮಾಡ್ಕೊಂಡು ಕೂತಿರೋರು. ಒಂದಿನ ಸೊಸೆಗೆ ಅಂದ್ರಂತೆ, ಮಾತಾಡೋದೇ ಮರೆತುಹೋಗ್ತಿದೆ ಕಣೇ ಅಂತ. ಆ ಮಾತು ಅವಳ ಎದೇಲಿ ಮುಳ್ಳಿನ ಹಾಗೆ ಕೂತ್ಬಿಡ್ತು. ಅದಕ್ಕೇ ಅವರು ಮನೆ ಹುಡುಕೋಕೆ ಹೊರಟಿದ್ದು.

"ಈ ಮನೆ ಗಂಡನಿಗೆ ನೋಡಿದ ಕೂಡಲೇ ಹಿಡಿಸ್ತು. ಲಿಫ್ಟ್ ಇದೆ, ಬೆಳಕಿದೆ, ಇನ್ನೇನು ಬೇಕು ಅಂದ. ಅವಳಿಗೆ ಯಾಕೋ ಮನಸ್ಸು ಮುಂದೆ ಹೋಗ್ಲಿಲ್ಲ. ಗೋಡೆ ಇಷ್ಟೊಂದು ಬೆಳ್ಳಗಿದೆಯಲ್ಲ, ಏನು ಮುಚ್ಚೋಕೆ ಬಳಿದಿದ್ದಾರೋ ಅಂದ್ಲು. ನಿಂಗೆ ಕೊಳಕಾಗಿದ್ರೂ ತಪ್ಪು, ಬೆಳ್ಳಗಿದ್ರೂ ತಪ್ಪು ಅಂತ ಗಂಡ ನಕ್ಕ. ಕೊನೆಗೆ, ಹಗಲೆಲ್ಲ ಮನೇಲಿರೋದು ಅತ್ತೆ ತಾನೇ, ಅವರನ್ನೇ ಒಂದ್ಸಲ ಕರ್ಕೊಂಡು ಬರೋಣ ಅಂತ ತೀರ್ಮಾನ ಆಯ್ತು.

"ಬಂದ್ರು. ಒಳ್ಳೆ ಬಿಸಿಲಿದ್ದ ಮಧ್ಯಾಹ್ನ. ಆಯಮ್ಮ ಚಪ್ಪಲಿ ಹಾಕ್ಕೊಂಡೇ, ಗೋಡೆ ಸವರ್ಕೊಂಡು ಒಳಗೆ ನಡೆದ್ರು. ಹಾಲ್ ಬಂತು. ಗೋಡೆ ಮುಗೀತು... ಆದ್ರೆ ಕೈ ಕೆಳಗಿಳೀಲಿಲ್ಲ. ಬಯಲಲ್ಲೇ ಅಂಗೈ ಒತ್ತಿ ಸವರ್ತಾ ಸವರ್ತಾ ಹಾಲ್ ನಡುವೆ ಹೋಗಿ ನಿಂತ್ರು. ಇಲ್ಲೊಂದು ಬಾಗಿಲಿದೆ, ಒಳಗಿಂದ ಚಿಲಕ ಹಾಕ್ಕೊಂಡಿದ್ದಾರೆ ಅಂದ್ರು. ಮಗ ಅಡುಗೆಮನೇಲಿ ನಲ್ಲಿ ತಿರುಗಿಸಿ ನೋಡ್ತಿದ್ದ. ಅಲ್ಲೇನಿಲ್ಲಮ್ಮ, ಖಾಲಿ ಜಾಗ ಅಂತ ಅಲ್ಲಿಂದಲೇ ಕೂಗಿದ. ಆಯಮ್ಮ ಬೆರಳು ಮಡಚಿ ತಟ್ಟಿದ್ರು.

"ಸದ್ದು ಬಂತು. ಮರದ ಬಾಗಿಲು ತಟ್ಟಿದ ಸದ್ದು. ಗಾಳಿ ತಟ್ಟಿದ್ರೆ ಸದ್ದು ಬರುತ್ತಾ, ನೀವೇ ಹೇಳಿ? ಸೊಸೆ ಅಲ್ಲೇ ನಿಂತಿದ್ಲು, ಕಿವಿಯಾರೆ ಕೇಳಿದ್ಲು. ಆಯಮ್ಮ ಕಿವಿ ಹಚ್ಚಿ ನಿಂತು, ಹೌದು... ಮಗ, ಸೊಸೆ... ಒಳ್ಳೇವರು, ಅಂತ ಯಾರಿಗೋ ಹೇಳ್ತಾ ಇದ್ರು. ಹೇಳ್ತಾ ಹೇಳ್ತಾ ಮುಖ ಅರಳ್ತು. ಸೊಸೆ ಆ ನಗು ಕಂಡು ಎಷ್ಟೋ ವರ್ಷ ಆಗಿತ್ತಂತೆ."

ಅಜ್ಜಿ ಮಾತು ನಿಲ್ಲಿಸಿದಾಗ, ಮಳೆಯ ಸದ್ದಿನ ನಡುವೆ ಗಂಡ ಹೂಂಗುಟ್ಟಿದ.

"ನನ್ನ ಬಾಗಿಲಿಗೆ ಬಂದು, ಅಲ್ಲಿ ಮುಂಚೆ ಏನಿತ್ತು ಅಂತ ಕೇಳಿದ್ಲು ಸೊಸೆ. ಇದ್ದದ್ದನ್ನ ಹೇಳಿದೆ. ಹಾಲ್ ನಡುವೆ ಒಂದು ಕಿಟಕಿಯಿಲ್ಲದ ಕೋಣೆ ಇತ್ತು. ಅಣ್ಣ ತಮ್ಮ ಇಬ್ಬರೇ ಇದ್ದ ಮನೆ ಅದು. ಅಣ್ಣ ಸತ್ತ ದಿನ ತಮ್ಮ ಆ ಕೋಣೆ ಸೇರಿ ಚಿಲಕ ಹಾಕ್ಕೊಂಡ, ಮತ್ತೆ ಹೊರಗೆ ಬರ್ಲೇ ಇಲ್ಲ. ನಾವು ಅಕ್ಕಪಕ್ಕದವರು ಊಟದ ತಟ್ಟೆ ಬಾಗಿಲ ಹತ್ರ ಇಟ್ರೆ ಯಾವಾಗ್ಲೋ ತಗೊಳ್ತಿದ್ದ. ಮಾತು ಮಾತ್ರ ಆಡೋನು, ಬಾಗಿಲ ಹಿಂದಿಂದ, ಯಾರಾದ್ರೂ ನಿಂತ್ರೆ ಸಾಕು. ಯಾರು ನಿಲ್ತಾರೆ, ಪಾಪ? ಒಳಗೇ ಸತ್ತ. ಆಮೇಲೆ ಮನೆ ಕೊಂಡ ಮೇಸ್ತ್ರಿ ಆ ಗೋಡೆಗಳನ್ನ ಒಡೆಸಿ, ಟೈಲ್ಸ್ ಹಾಕಿಸಿ, ಹಾಲ್ ದೊಡ್ಡದು ಮಾಡಿದ. ಗೋಡೆ ಹೋಯ್ತು, ನಿಜ. ಕೋಣೆ ಹೋಗಿರ್ಲಿಲ್ಲ.

"ಅವಳಿಗೆ ಹೆದರಿಕೆ ಆಗದೆ ಇರುತ್ತಾ? ಬೇಡ ಅನ್ನೋಣ ಅಂತ ಬಾಯಿ ತೆರೆದಾಗೆಲ್ಲ ಅತ್ತೆಯ ಆ ಮುಖ ಕಣ್ಣಿಗೆ ಬರೋದು. ಕೊನೆಗೆ ಅತ್ತೆನೇ ಅಂದ್ರು, ತಗೊಳ್ಳಿ, ನೀವು ಬೆಳಕು ಬೆಳಕು ಅಂತೀರಿ, ನಂಗೆ ಬೆಳಕು ಕಟ್ಕೊಂಡು ಏನಾಗ್ಬೇಕು, ಅಲ್ಲಿ ಮಾತಾಡೋರಿದ್ದಾರೆ, ಅಂತ. ಸೊಸೆ ಆಯ್ತು ಅಂದ್ಬಿಟ್ಲು. ಅವಳ ಜಾಗದಲ್ಲಿ ನೀವಾಗಿದ್ರೆ ಏನು ಮಾಡ್ತಿದ್ರಿ?

"ಆಮೇಲೆ ಮಧ್ಯಾಹ್ನವೆಲ್ಲ ಮಾತೇ ಮಾತು. ನಡುವೆ ಒಂದೇ ಗೋಡೆ ನೋಡಿ, ನಂಗೂ ಕೇಳಿಸೋದು. ಆಯಮ್ಮನ ದನಿ... ಅದಕ್ಕೆ ಉತ್ತರವಾಗಿ ನಿಧಾನದ ಒಂದು ಗಂಡು ದನಿ. ಆಯಮ್ಮ ಹಾಡು ಹೇಳೋಕೆ ಶುರು ಮಾಡಿದ್ರು, ಮೈ ತುಂಬಿಕೊಂಡ್ರು. ಅಮ್ಮ ಒಬ್ಬೊಬ್ಬರೇ ಮಾತಾಡ್ಕೊತಾರೆ, ಖುಷಿಯಾಗಿದ್ದಾರಲ್ಲ, ಬಿಡು ಅನ್ನೋನು ಮಗ. ಸೊಸೆ ಮಾತ್ರ ಹಾಲ್ ದಾಟುವಾಗ ಗೋಡೆ ಪಕ್ಕಕ್ಕೇ ನಡೆಯೋಳು.

"ಒಂದಿನ ಅವಳು ಜ್ವರ ಅಂತ ಕೆಲಸದಿಂದ ಬೇಗ ಬಂದ್ಲು. ಬಾಗಿಲು ತೆಗೆದ್ರೆ ಅತ್ತೆ ಅಲ್ಲೇ, ಹಾಲ್ ನಡುವೆ ನಿಂತಿದ್ದಾರೆ. ಒಳಗೆ ಚಿಲಕ ಸರಿದ ಸದ್ದು. ಆಯಮ್ಮ ಕಾಲಿನ ಚಪ್ಪಲಿ ಬಿಟ್ರು, ಹೊಸ್ತಿಲು ದಾಟೋ ಹಾಗೆ ಕಾಲೆತ್ತಿ ಇಟ್ರು... ಅಷ್ಟೇ. ಟೈಲ್ಸ್ ಮೇಲೆ ಚಪ್ಪಲಿ ಉಳೀತು, ಆಯಮ್ಮ ಇಲ್ಲ.

"ಪೊಲೀಸರು ನೀರಿನ ಟ್ಯಾಂಕಿನವರೆಗೂ ಹುಡುಕಿದ್ರು. ಎಲ್ಲಿ ಸಿಗ್ತಾರೆ? ಮಗ ಹೆಂಡತಿ ಕಡೆ ತಿರುಗಿದ. ನಮ್ಮಮ್ಮನ್ನ ಏನು ಮಾಡ್ದೆ ಅಂದ. ಎಂಥಾ ಮಾತು ಅದು... ಅತ್ತೆಗೋಸ್ಕರ ಹೆದರಿಕೆ ನುಂಗ್ಕೊಂಡು ಆ ಮನೆ ಸೇರಿದವಳಿಗೆ. ಅವಳು ಕಂಡದ್ದನ್ನ ಕಂಡ ಹಾಗೆ ಹೇಳಿದ್ಲು. ಅವನು ನಂಬ್ಲಿಲ್ಲ. ಆದ್ರೂ ಕೆಲಸಕ್ಕೆ ರಜೆ ಹಾಕಿ, ಆ ಚಪ್ಪಲಿ ಹತ್ರಾನೇ ಕೂತ್ಬಿಟ್ಟ. ಅಮ್ಮಾ, ಅಮ್ಮಾ ಅಂತ ನೆಲ ತಟ್ಟೋನು.

"ಒಂದು ಬೆಳಗ್ಗೆ ಅವಳು ತಿಂಡಿಗೆ ಕರೆಯೋಕೆ ಹೋದ್ರೆ ಅವನ ಮುಖ ಶಾಂತವಾಗಿದೆ. ಅಮ್ಮ ಕರೀತಿದ್ದಾರೆ ಕಣೇ, ನಿಂಗೆ ಕೇಳಿಸ್ತಿಲ್ವಾ ಅಂದ. ಅವಳು ಅಂಗಿ ಹಿಡ್ಕೊಂಡು ಎಳೆದ್ಲು, ಬೇಡ ರೀ, ಹೋಗ್ಬೇಡಿ ಅಂತ ಬೇಡ್ಕೊಂಡ್ಲು. ಅವನು ಅವಳ ಕಡೆ ನೋಡ್ಲೇ ಇಲ್ಲ. ಒಬ್ಬಳ ಕೈಲಾಗಲ್ಲ ಅಂತ ನನ್ನ ಕರೆಯೋಕೆ ಓಡಿ ಬಂದ್ಲು. ನಾನು ಕೈಲಿದ್ದ ಕೆಲಸ ಬಿಟ್ಟು ಎದ್ದೆ, ಇಬ್ಬರೂ ಹೋದ್ವಿ... ಎರಡು ಜೊತೆ ಚಪ್ಪಲಿ ಅಕ್ಕಪಕ್ಕ ಇತ್ತು.

"ಅವಳು ಈಗ ಬೇರೆ ಕಡೆ ಇದ್ದಾಳೆ. ಈ ಬೀದಿಗೆ ಕಾಲಿಡಲ್ಲ. ಬ್ರೋಕರಿಗೆ ಬೀಗದಕೈ ಕೊಟ್ಟು, ಮತ್ತೆ ಬಣ್ಣ ಬಳಿಸಿ ಮಾರೋಕಿಟ್ಟಿದ್ದಾಳೆ. ಬರೋರಿಗೆ ಹೇಳಿಬಿಡಿ ಅಜ್ಜಿ, ಬೇಕಾದವರು ತಗೊಳ್ಳಲಿ ಅಂದಿದ್ದಾಳೆ. ಅದಕ್ಕೇ ಹೇಳ್ತೀನಿ."

"ಸುಮ್ನೆ ಹೆದರಿಸ್ತೀರ," ಎಂದಳು ಹೆಂಡತಿ. ನಗಲು ನೋಡಿದಳು, ಆಗಲಿಲ್ಲ.

"ಆ ಕೋಣೇಲಿರೋರು ಕೆಟ್ಟವರಲ್ಲಮ್ಮ. ಯಾರನ್ನೂ ಎಳೆಯಲ್ಲ, ಮುಟ್ಟಲ್ಲ. ಕರೀತಾರೆ ಅಷ್ಟೇ. ಅದೂ ಎಲ್ಲರನ್ನೂ ಅಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದೀನಿ, ನನ್ನನ್ನ ಒಂದ್ಸಲನೂ ಕರೆದಿಲ್ಲ."

ಅಜ್ಜಿ ನಿಧಾನವಾಗಿ ಅವಳ ಗಂಡನ ಕಡೆಗೆ ತಿರುಗಿದರು. ಅವನು ಆ ಮನೆಯ ಕಡೆಯ ಗೋಡೆಗೆ ಒರಗಿ ಕೂತಿದ್ದ, ಮುಖ ಶಾಂತವಾಗಿತ್ತು.

"ನಾನು ಕತೆ ಹೇಳ್ತಿದ್ದಾಗ ನಿಮ್ಮ ಯಜಮಾನರು ಮಧ್ಯೆ ಮಧ್ಯೆ ಹೂಂಗುಟ್ತಿದ್ರಲ್ಲ... ನೀವು ಗಮನಿಸಿದ್ರೋ ಇಲ್ವೋ. ಅದು ನನ್ನ ಮಾತಿಗಲ್ಲಮ್ಮ. ನಾನು ಸುಮ್ಮನಿದ್ದಾಗಲೇ ಅವರು ಹೂಂ ಅಂತಿದ್ದದ್ದು."