ಬೀಬಿಯ ಗಂಟಲು ನೋಡಿದ್ದು ಯಾರು

ಕೂತ್ಕೋ ದಮಯಂತಿ, ಬಸ್ಸು ಈಗ ಎಲ್ಲಿ ಹೊರಡ್ತದೆ! ಇಂಜಿನ್ ಕುದೀತಾ ಉಂಟು, ಡ್ರೈವರ್ ನೀರು ತರ್ಲಿಕ್ಕೆ ಹೋಗಿದ್ದಾನೆ. ಈ ವೇಣೂರು ದಾಟಿದ್ರೆ ಮೂಡಬಿದ್ರೆ ಎಂತ ದೂರ? ಬೆಳ್ತಂಗಡಿಯಲ್ಲಿ ಹತ್ತಿದ ಮೇಲೆ ನಿನ್ನದು ಇದೊಂದೇ ಮಾತು... ಬೀಬಿಯ ಗಂಟಲು ಮೊದಲು ನೋಡಿದ್ದು ಯಾರು ಅಂತ. ನೀನೇ. ನೀನೇ ನೋಡಿದ್ದು. ಆಯ್ತಲ್ಲ?

ಎಂತ ನಗಾಡುದು?

ನಿನಗೆ ಗೊತ್ತಾಗ್ಲಿಕ್ಕಿಲ್ಲ ಮಾರಾಯ್ತಿ. ಬಂಟ್ವಾಳದ ರುಕ್ಮಯ್ಯ ಡಾಕ್ಟ್ರ ಆಸ್ಪತ್ರೆಗೆ ಕಾಲೇಜಿನಿಂದ ಕಳಿಸಿದ್ದು ನಮ್ಮಿಬ್ಬರನ್ನೇ. ಇಬ್ಬರೂ ಕೊನೆಯ ವರ್ಷದವರು, ಇಬ್ಬರಿಗೂ ಅದೇ ಬಿಳಿ ಕೋಟು. ಮೂರನೇ ದಿನಕ್ಕೇ ಹೆಂಗಸರೆಲ್ಲ ನಿನ್ನನ್ನೇ ಕೇಳುದು, "ಆ ನೆರಿಯದವರು ಇಲ್ವಾ?" ನಾನು ಎದುರಿಗೇ ನಿಂತಿದ್ದೇನೆ! ನಾಡಿ ನೋಡ್ಲಿಕ್ಕೆ ಹೋದ್ರೆ ಒಬ್ಬಳು ಮುದುಕಿ ಕೈಯನ್ನು ಸೆರಗಿನೊಳಗೆ ಅಡಗಿಸಿದ್ಲು, ನೀನು ಬರುವವರೆಗೆ ತೆಗೀಲಿಲ್ಲ. ಅನಾಟಮಿಯಲ್ಲಿ ಮೆಡಲ್ ಬಂದದ್ದು ನನಗೆ. ನೀನು ಎರಡನೇ ಸಲ ಕೂತು ಪಾಸಾದವಳು. ಅದು ಅವರಿಗೆ ಹೇಗೆ ಗೊತ್ತಿರ್ಬೇಕು! ರುಕ್ಮಯ್ಯ ಡಾಕ್ಟ್ರೂ ಹಾಗೆಯೇ. ನಾನು ಪುಸ್ತಕದಲ್ಲಿದ್ದದ್ದು ಪೂರ್ತಿ ಹೇಳಿ ಮುಗಿಸಿದ್ರೆ, "ಸರಿ... ದಮಯಂತಿಗೆ ಎಂತ ಅನಿಸ್ತದೆ?" ಯಾವಾಗಲೂ! ಯಾವಾಗಲೂ ದಮಯಂತಿಗೆ ಎಂತ ಅನಿಸ್ತದೆ! ಎಷ್ಟು ಸಲ ಬಚ್ಚಲಲ್ಲಿ ನೀರು ಬಿಟ್ಟು ಅತ್ತಿದ್ದೇನೆ... ಇಲ್ಲ, ನೀನು ನೋಡಿರ್ಲಿಕ್ಕಿಲ್ಲ.

ಆ ದಿನ ನೀನು ಬೆಳ್ತಂಗಡಿ ಆಸ್ಪತ್ರೆಗೆ ಹೊರಟವಳು, ನಾನು ಎರಡು ವಾರ ಬಿಟ್ಟು ಬರುವುದಿತ್ತು. ಬಸ್ಸಿನ ಕಿಟಕಿಯಿಂದ ಬಗ್ಗಿ ಹೇಳಿದಿ, "ಪಾಣೆಮಂಗಳೂರಿನ ಜೈನಬಮ್ಮನ ಮಗಳು ಉಂಟಲ್ಲ, ಬೀಬಿ, ಅವಳ ಗಂಟಲೊಳಗೆ ಬಿಳಿ ಪೊರೆ ಕಂಡಿತು. ಡಾಕ್ಟ್ರು ಬಂದ ಕೂಡ್ಲೇ ಹೇಳು." ಹೇಳಿದೆ. "ನಾನು ನೋಡಿದೆ" ಅಂತ ಹೇಳಿದೆ, ಅಷ್ಟೇ ವ್ಯತ್ಯಾಸ. ಮಂಗಳೂರಿನಿಂದ ನಮ್ಮ ಪ್ರೊಫೆಸರ್ ಬಂದಿದ್ರು. ಅವರ ಎದುರಿಗೇ ರುಕ್ಮಯ್ಯ ಡಾಕ್ಟ್ರು, "ಗಂಟಲಮಾರಿ, ಡಿಫ್ತೀರಿಯಾ. ಸರಿಯಾಗಿ ಹಿಡಿದಿದ್ದಾಳೆ ಪ್ರಭಾವತಿ" ಅಂದ್ರು. ಅವರ ಬಾಯಲ್ಲಿ ನನ್ನ ಹೆಸರು, ಮೊದಲ ಸಲ! ನಿನಗದು ದಿನಾ ಸಿಗ್ತಿತ್ತು. ಒಂದು ಸಲ ನನಗೆ ಸಿಕ್ಕಿದ್ರೆ ನಿನ್ನ ಗಂಟು ಎಂತ ಹೋಯ್ತು?

ತಪ್ಪಾಯ್ತು. ಸಾಕಾ? ಬಸ್ಸು ಇಳಿದ ಕೂಡ್ಲೇ ಪ್ರೊಫೆಸರಿಗೆ ಕಾಗದ ಬರೀತೇನೆ, ನೋಡಿದ್ದು ದಮಯಂತಿ ಅಂತ... ಅದೂ ಬೇಡವಾ? ಮತ್ತೆ ಹಾಗೆ ನೋಡುದು ಯಾಕೆ?

ಮಗುವಾ? ವಿಷ ಇಳಿಸುವ ಸೀರಂ ಚುಚ್ಚಿದ್ರಲ್ಲ! ಪ್ರೊಫೆಸರ ಕಾರನ್ನೇ ಮಂಗಳೂರಿಗೆ ಓಡಿಸಿ ತರಿಸಿದ್ದು. ಮರುದಿನ ಉಸಿರು ಎಷ್ಟೋ ಹಗುರ. ಮೂರನೇ ದಿನ ಗಂಜಿ ಕುಡಿದ್ಲು. ಆರು ವರ್ಷದ್ದಾದ್ರೂ ಗಟ್ಟಿ ಮಗು.

ವಾಚು ಎಂತಕ್ಕೆ ನೋಡುದು?... ಸೀರಂ ಸಂಜೆ ಕೊಟ್ಟದ್ದು. ಐದೂವರೆ, ಆರು. ಹೌದು, ನಿನ್ನ ಬಸ್ಸು ಎಂಟಕ್ಕೆ. ಡಾಕ್ಟ್ರು ಒಂಬತ್ತಕ್ಕೇ ಬಂದ್ರು, ಹೌದು. ಆಗಲೇ ಹೇಳಿದ್ರೆ, "ಬೆಳಿಗ್ಗೆ ವಾರ್ಡಿನಲ್ಲಿ ಇದ್ದದ್ದು ದಮಯಂತಿ ಅಲ್ವಾ?" ಅಂತ ಕೇಳ್ತಿದ್ರು. ಅವರು ಹೆರಿಗೆ ಕೋಣೆಯಲ್ಲಿದ್ರು, ಕರೆದಿದ್ರೆ ಬರ್ತಿದ್ರು. ಪ್ರೊಫೆಸರ್ ಮೂರು ಗಂಟೆಗೆ ಬರುವವರು, ಅವರ ಎದುರಿಗೇ ಹೇಳುವಾ ಅಂತ... ನಾನು ಬೀಬಿಯ ಮಂಚದ ಹತ್ತಿರ ಸ್ಟೂಲು ಎಳೆದು ಕೂತೆ. ಅವಳ ಉಸಿರು ಸೀಟಿ ಹೊಡೀತಿತ್ತು. ಗಡಿಯಾರ ನೋಡ್ತಾ ಕೂತೆ.

ಒಂಬತ್ತರಿಂದ ಮೂರು. ಆರು ಗಂಟೆ, ದಮಯಂತಿ. ಬರೀ ಆರು ಗಂಟೆ.

ಬೈದಾದ್ರೂ ಬಿಡು! ಕಿಟಕಿ ಕಡೆ ಎಂತಕ್ಕೆ ತಿರುಗುದು?

...ಬೆಳ್ತಂಗಡಿಯಲ್ಲಿ ನೀನು ಕೇಳಿದಾಗ, ಬೀಬಿ ಮನೆಗೆ ಹೋದ್ಲು ಅಂದೆ. ಹೋಗ್ಲಿಲ್ಲ. ಹತ್ತನೇ ದಿನ ಮಂಚದಿಂದ ಇಳಿದು ಬಾಗಿಲವರೆಗೆ ನಡೆದ್ಲು. ಅಲ್ಲೇ ಕುಸಿದ್ಲು. ರೋಗದ ವಿಷ ಮೊದಲೇ ಹೃದಯಕ್ಕೆ ಇಳಿದಿತ್ತು ಅಂದ್ರು ಡಾಕ್ಟ್ರು. ಬೆಳಿಗ್ಗೆಯೇ ಸೀರಂ ಸಿಕ್ಕಿದ್ರೆ... ಅಂತ ಸುರು ಮಾಡಿ, ಅರ್ಧಕ್ಕೇ ನಿಲ್ಲಿಸಿದ್ರು.

ಜೈನಬಮ್ಮ ನನ್ನ ಹತ್ತಿರ ಬಂದ್ರು. ಹೊಡೀತಾರೆ ಅಂದ್ಕೊಂಡೆ. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ್ರು. "ನೀವು ನೋಡಿದ್ರಿಂದ ನನ್ನ ಮಗು ಹತ್ತು ದಿನವಾದ್ರೂ ಇತ್ತು ಅಕ್ಕ" ಅಂದ್ರು.

ನಾನು... ಕೈ ಬಿಡಿಸ್ಕೊಳ್ಳಲಿಲ್ಲ ದಮಯಂತಿ. ಹೂಂ ಅಂದೆ.