ಚೌಡಪ್ಪನ ಕಾಲಿನ ಅಳತೆ

ಸವಳಂಗ ರಸ್ತೆಯ ಚಪ್ಪಲಿ ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಗಂಡ ಹೆಂಡತಿ ಗದ್ದೆಗೆ ಗಮ್‌ಬೂಟು ನೋಡುತ್ತಿದ್ದರು. ಆತ ಎಂಟನೇ ನಂಬರಿನದು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ.

“ಗಟ್ಟಿ ಇದೆ, ಒಳಗೆ ಮೆತ್ತಗೂ ಇದೆ. ನಾಲ್ಕು ಮಳೆಗಾಲ ಬರುತ್ತೆ.”

“ಚೌಡಪ್ಪಂಗೂ ಒಂದು ಜೊತೆ ತಗೊಳ್ಳಿ ರೀ. ದಿನವಿಡೀ ನಮ್ಮ ಗದ್ದೆ ಕೆಸರಲ್ಲಿ ಇರೋನು ಅವನು.”

“ಅವನಿಗೂ ಎಂಟೇ ಆಗುತ್ತೆ. ನನ್ನ ಹಳೇ ಚಪ್ಪಲೀನೇ ಅಲ್ವಾ ಅವನು ಹಾಕೋದು?”

“ಹಾಕ್ತಾನೆ. ಹಿಮ್ಮಡಿ ಹೊರಗೆ ಬಂದು ನೆಲಕ್ಕೆ ತಾಗುತ್ತೆ. ನೀವು ನೋಡೇ ಇಲ್ವಾ?”

“ಹನ್ನೆರಡು ವರ್ಷದಿಂದ ಕೊಡ್ತಿದೀನಿ. ಸಾಲಲ್ಲ ಅಂತ ಒಂದಿನಾನೂ ಹೇಳಿಲ್ವಲ್ಲೇ.”

“ಹೇಳಿದ್ರೆ ಹೊಸದು ತಂದುಕೊಡ್ತಿದ್ರಾ?”

ಆತ ಕೂತು ಬೂಟು ಬಿಚ್ಚಿದ.

“ಇನ್ನೊಂದು ಜೊತೆ ಯಾವ ನಂಬರು ಕೊಡ್ಲಿ ಸಾರ್?” ಎಂದ ಅಂಗಡಿಯವನು.

“ಗೊತ್ತಿಲ್ಲಪ್ಪ. ನಾಳೆ ಅವನನ್ನೇ ಕರ್ಕೊಂಡು ಬರ್ತೀನಿ.”

ತನ್ನ ಬೂಟನ್ನೂ ಅಲ್ಲೇ ಬಿಟ್ಟು, ತಲೆ ತಗ್ಗಿಸಿಕೊಂಡು ಹೆಂಡತಿಯ ಹಿಂದೆ ಮೆಟ್ಟಿಲಿಳಿದ.