ಶಂಕರಮ್ಮನ ಕೈಕೆಲಸ

...ಅಯ್ಯೋ, ಮಣಿಸರವ ಅಂಗ್ ಎಳೀಬ್ಯಾಡಿ ಅಕ್ಕಾರೆ! ಕಿತ್ತೋಯ್ತದೆ ಅಂತಲ್ಲ, ನಿಮ್ ಬೆರಳು ನೊಂದಾವು ಅಂತ. ಕೀಳಲ್ಲ ಬುಡಿ, ನಮ್ಮ ಮಗಳು ಶಂಕರಮ್ಮ ಆಕಿರೋ ಗಂಟು. ಮಣಿಗೊಂದು ಗಂಟು. ರೇಸ್ಮೆ ದಾರ ಕೊಳ್ಳೇಗಾಲದ್ದು, ಮಣೀನೂ ಅಲ್ಲೀವೇ, ಗಂಟು ಮಾತ್ರ ಈ ಮನೇದು. ಕೊರಳಿಗೆ ಇಡ್ಕಂಡು ನೋಡಿ, ಎಂಗೆ ಕೂತ್ಕತದೆ!

ನಿಮ್ಮ ಹವಳದ ಸರಾನೂ ದಾರ ಸಡ್ಲಾಗ್ಬುಟ್ಟದೆ, ಇವತ್ತೋ ನಾಳೆಯೋ ಉದುರ್ತದೆ. ನಮ್ ಸಂಬಂಧ ಕುದುರ್ಲಿ, ಸೊಸೆ ಕೈಲೇ ಪೋಣಿಸ್ಕಳ್ಳೀರಂತೆ ಬೀಗಿತ್ತಿ... ಅಯ್ಯೋ, ಬಾಯಿ ಜಾರ್ತು! ಇನ್ನೂ ಆಗಿಲ್ವಲ್ಲ.

ಅಲ್ಲಾ, ಧನಗೆರೆಯಿಂದ ಗಾಡೀಲಿ ಕುಲುಕಾಡ್ಕಂಡು ಬಂದಿದ್ದೀರಿ, ಎಲೆ ಅಡಿಕೆ ತಟ್ಟೆ ಮುಟ್ಟೇ ಇಲ್ವಲ್ಲ. ಉಡ್ಗಿ ಒಪ್ಪಿಗೆಯಾದ್ರೆ ಮುಟ್ಟೋದಾ? ಸರಿ ಸರಿ. ಕೈಕೆಲಸ ಬಲ್ಲ ಉಡ್ಗೀನೇ ಬೇಕು ಅಂದ್ರಂತಲ್ಲ ನಿಮ್ಮ ಮಗ. ಕೊಯಮತ್ತೂರಲ್ಲಿ ಓದಿ ಆಪೀಸು ಸೇರ್ದೋರು, ಅನ್ಬೇಕಾದ್ದೇ. ಅವ್ರು ಅಲ್ಲಿ ಕೂತ್ಮೇಲೆ ನಿಮ್ಮೂರಲ್ಲಿ ಗದ್ದೆ ನೋಡೋರಿಲ್ಲ ಅಂತ ಆಗ್ಲೇ ನೀವೂ ಕಣ್ಣೊರೆಸ್ಕಂಡ್ರಿ, ಪಾಪ. ಅದ್ಕೆ ನಮ್ಮುಡ್ಗಿ ಏನ್ಮಾಡಾಳು? ಗದ್ದೆ ಅಂದ್ರೆ ಯಾವ ದಿಕ್ಕು ಅಂತ್ಲೂ ಗೊತ್ತಿಲ್ಲ ಅವಳಿಗೆ. ಮಣಿ ಆಯ್ತು, ದಾರ ಆಯ್ತು. ಇದೊಂದು ಸಂಬಂಧ ತಪ್ಪೋದ್ರೆ ಇನ್ಯಾರು ಇವಳ... ಅಲ್ಲಲ್ಲ, ಬೇಕಾದಷ್ಟು ಜನ ಕೇಳ್ತಾವ್ರೆ! ನಾವೇ ಬ್ಯಾಡ ಅಂದಿರೋದು.

ಏನಂದ್ರಿ? ಕೆರೆ ಕೆಳಗೆ ಯಾವಳೋ ಸೀರೆ ಕಚ್ಚೆ ಕಟ್ಕಂಡು ಉಳ್ತಿದ್ಲಾ? ಗದ್ದೆ ನಮ್ದಿರಬೋದು, ಉಡ್ಗಿ ನಮ್ಮೋಳಲ್ಲ. ಆಳು. ನಿಮ್ಮ ಗಾಡಿ ಕಂಡು ಎತ್ತು ಒಡ್ಕಂಡು ಓಡೋದ್ಲಾ? ಆಳುಗಳು ಅಂದ್ರೆ ಅಂಗೇಯ. ಯಾಕ್ ನಗ್ತೀರಿ?

ಶಂಕ್ರೀ, ಅತ್ತೇರಿಗೆ ಕೈ ತೋರ್ಸವ್ವ... ಊ, ಜಡ್ಡುಗಟ್ಬುಟ್ಟದೆ. ದಾರ ಎಳ್ದೂ ಎಳ್ದೂ! ರೇಸ್ಮೆ ಅಂದ್ರೆ ಸಾಮಾನ್ಯವಾ? ಕಾಲಿನ ಕೆಸ್ರಾ? ಅದು... ಹಿತ್ತಲ ಮಲ್ಲಿಗೆ ಬಳ್ಳಿಗೆ ನೀರು ಉಯ್ದವ್ಳೆ. ಮೊಳಕಾಲ್ಗಂಟ ಬರೋವಷ್ಟು ಉಯ್ದ್‌ಬುಟ್ಟವ್ಳೆ, ಧಾರಾಳದ ಕೈ.

ನಮ್ಮ ಯಜಮಾನ್ರಾ? ಹನೂರಿಗೋಗವ್ರೆ. ಅವರಿಲ್ದೆ ಅಲ್ಲಿ ಪಂಚಾಯ್ತಿ ಬಗೆಹರಿಯಾಕಿಲ್ಲ. ಅವ್ರ ಮೀಸೆ ಕಂಡ್ರೇ ಊರು ಗಪ್‌ಚಿಪ್! ಗಂಡಸು ಅಂದ್ರೆ ಅಂಗಿರ್ಬೇಕು ಕಣಕ್ಕಾರೆ. ಮನೇಲಿ ಕೂತು ಸೂಜಿ, ದಾರ, ಮಣಿ ಅಂತ... ಆ ಮಾತ್ಯಾಕೆ ಬಂತು ಈಗ!

ಏನದು ಉರುಳ್ಕಂಡು ಬಂದದ್ದು? ಮಣಿ. ಕೋಣೆ ಬಾಗ್ಲ ಸಂದಿಯಿಂದ. ಇಲಿ ಕಣಕ್ಕಾರೆ, ಏನೂ ಇಡಂಗಿಲ್ಲ ಈ ಮನೇಲಿ. ಕೆಮ್ಮಿದ್ದಾ? ಅದೂ ಇಲೀನೇ. ಅದುಕ್ಕೂ ವಯಸ್ಸಾಯ್ತು.

ಕೊಟ್ಟಿಗೆ ಕಡೆ ಏನ್ ನೋಡ್ತೀರಿ? ನಮ್ಮೆತ್ತಾ? ನೋಡಿ, ನೋಡಿ, ಕಣ್ತುಂಬ ನೋಡಿ! ಕೊರಳಿಗೆ ಕಟ್ಟಿರೋ ಮಣಿಸರ ನೋಡುದ್ರಾ? ಮಣಿ ಕೆಳಗೆ ಎರಡು ಸುತ್ತು ಸುತ್ತಿ, ಎಳೇನ ಒಳಗಿಂದ ತೂರ್ಸಿ ಬಿಗಿಯೋ ಗಂಟದು. ಎತ್ತು ಮಣ್ಣಿಗೆ ಕೊರಳು ಉಜ್ಜಿದ್ರೂ ಬಿಚ್ಚಾಕಿಲ್ಲ. ಈ ಕುಂತೂರಲ್ಲೇ ಇನ್ಯಾರಿಗೂ ಬರಾಕಿಲ್ಲ, ನಮ್ಮ ಯಜಮಾನ್ರ ಕೈ ಒಂದಕ್ಕೇಯ...

...

ಯಾಕಕ್ಕಾರೆ, ಎದ್ಬುಟ್ರಿ?

ಕೈಲಿರೋ ಸರ ತಕಂಡು ಎತ್ತಿನ ತಾವ್ಯಾಕೆ ಓಗ್ತೀರಿ? ತಿವೀತದೆ, ತಿವೀತದೆ! ಅದೂ ಇದೂ ಒಂದೇ ಥರ ಕಾಣ್ತದೆ... ಅಪ್ಪನ ತಾವೇ ಕಲ್ತಿದ್ದು ಅವಳು. ಎಲ್ಲಾನೂವೆ ಕಲ್ತವ್ಳೆ. ಶಂಕ್ರೀ, ಬಾ ಇಲ್ಲಿ, ಒಂದು ಗಂಟು ಆಕಿ ತೋರ್... ಬ್ಯಾಡ ಬುಡು, ಈಗ ಬ್ಯಾಡ.

ಏನಾದ್ರೂ ಅನ್ನಿ. ಬಯ್ದ್ರೂ ಬಯ್ಯಿರಿ. ನಗಿ ಬೇಕಾದ್ರೆ, ಆಗ ನಕ್ಕಂಗೆ. ಇಂಗೆ ಗಂಟಿಗೆ ಗಂಟು ಇಟ್ಟು ನೋಡಿದ್ರೆ ನಾನೇನ್ ಏಳ್ಲಿ?

ಏನ್ ಮಾಡನ ಏಳಿ ಮತ್ತೆ! ಗಾಡಿಯಿಂದ ಬಿದ್ದು ನಮ್ಮ ಯಜಮಾನ್ರ ಸೊಂಟ ಉಳುಕಿದ್ಮೇಲೆ ಗದ್ದೆಗಿಳಿಯಾಕಾಗಲ್ಲ. ಇವಳಿಗೆ ಮನೇಲಿ ಕೂರಾಕಾಗಲ್ಲ. ಒಂದು ಗಂಟು ಆಕವ್ವ ಅಂದ್ರೆ ಮಣೀನೆಲ್ಲ ಉರುಳಿಕಾಳು ಬಿತ್ದಂಗೆ ಎರಚ್ತಾಳೆ. ನೇಗಿಲು ಇಡ್ಕಂಡ್ರೆ ಮಾತ್ರ ದಾರ ಎಳ್ದಂಗೆ ಸಾಲು... ಕೈಕೆಲಸ ಅಂದ್ರೆ ಅದನ್ನ ತೋರ್ಸಾಕಾಯ್ತದಾ ಬಂದೋರ್ಗೆ? ಮನೇಗೆ ತರಾಕಾಯ್ತದಾ ಗದ್ದೆಯ?

ಓಗ್ತೀರಾ? ಬಂದು ಕೂತೋರು ಮತ್ಯಾಕೆ ಎದ್ರಿ?... ಇದೇನಕ್ಕಾರೆ, ಹವಳದ ಸರ ತೆಗೀತೀರಿ? ಶಂಕ್ರಿಗಾ? ಬ್ಯಾಡಿ, ಅವಳ ಕೈಗೆ ಕೊಟ್ರೆ... ಅವಳಿಗಲ್ವಾ?

ಕೋಣೆ ಬಾಗ್ಲಿಗೆ ಚಾಚ್ತೀರಲ್ಲ!

ಆ ಇನ್ನೊಂದು ಕೈಲಿ... ಅಕ್ಕಾರೆ, ಎಲೆ ತಕಂಡ್ರಾ? ಎಲೆ ತಕಂಡೇಬುಟ್ರಾ?

...ಏನೂಂದ್ರೆ! ಈಚೆಗ್ ಬನ್ನಿ. ಬೀಗಿತ್ತೀರು ಕಾಯ್ತಾವ್ರೆ. ಸೂಜೀನೂ ತಕಂಡೇ ಬನ್ನಿ.